ಗಾಳಿ ಕೊಡುವ ಹಿಡಿತ, ನೆಲ ಕೊಡುವ ಹಿಡಿತ

(ನಮ್ಮ ಬಳಗದ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಮಿತಿಯವರು ನಮ್ಮಿಬ್ಬರನ್ನು ಕರೆದು, "ಈ ಸಲ ಹಾಡು, ಕುಣಿತ, ಹಾಸ್ಯ ಎಲ್ಲಾ ಇದೆ. ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಮಕ್ಕಳೂ ಎದ್ದು ಹೋಗದಂಥ ಒಂದು ವಿಷಯ ಮಾತಾಡಿ" ಎಂದರು. ನಾವು ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಇಂಗ್ಲೆಂಡಿಗೆ ಬಂದಮೇಲೆ ಇಬ್ಬರಿಗೂ ಹತ್ತಿಕೊಂಡ ಹುಚ್ಚು ಕಾರ್ ರೇಸು. ಹೀಗಾಗಿ ವಿಷಯಕ್ಕೆ ಬಹಳ ಹುಡುಕಾಡಬೇಕಾಗಲಿಲ್ಲ. ಓಡುವ ಕಾರನ್ನು ಗಾಳಿ ಹೇಗೆ ರಸ್ತೆಗೆ ಒತ್ತಿ ಹಿಡಿಯುತ್ತದೆ ಎಂಬುದೇ ಇವತ್ತಿನ ಮಾತು. ರೇಸಿನವರ ಭಾಷೆಯಲ್ಲಿ ಇದಕ್ಕೆ ಡೌನ್‌ಫೋರ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಕೆಳಮುಖ ಒತ್ತು ಅನ್ನಬಹುದು. ನಾವು ಎರಡನ್ನೂ ಬಳಸುತ್ತೇವೆ, ನಾಲಿಗೆಗೆ ಯಾವುದು ಬಂದರೆ ಅದು.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಬಳಗದಲ್ಲಿ ಮೊನ್ನೆ ಮೊನ್ನೆ ಕೋಲಾಟಕ್ಕೆ ನಿಂತಿದ್ದ ಮಕ್ಕಳು ಈಗ ಹದಿನೇಳು ದಾಟಿ ಸ್ಟಿಯರಿಂಗ್ ಹಿಡಿದಿದ್ದಾರೆ. ಅವರಲ್ಲಿ ಕೆಲವರು ನಮ್ಮನ್ನು ಕೇಳುವ ಪ್ರಶ್ನೆ ಇದು: "ಅಂಕಲ್, ಆಂಟಿ, ಸ್ಪೀಡ್ ಜಾಸ್ತಿ ಆದಷ್ಟೂ ಕಾರು ರೋಡಿಗೆ ಅಂಟಿಕೊಳ್ಳುತ್ತಂತೆ, ನಿಜಾನಾ?" ನಮ್ಮ ಉತ್ತರ ಎರಡೇ ಮಾತು. ನಿಜ. ಆದರೆ ನಿನ್ನ ಕಾರಿಗಲ್ಲ! ಈ ಎರಡು ಮಾತಿನ ನಡುವೆ ಇರುವುದನ್ನು ಬಿಡಿಸಿ ಹೇಳುವುದೇ ಈ ಇಪ್ಪತ್ತು ನಿಮಿಷದ ಕೆಲಸ.

ಮೊದಲು ಹಿಡಿತ ಎಂದರೇನು ನೋಡೋಣ. ಸುಮಾರು 1400 ಕಿಲೋ ತೂಗುವ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈ ಅಗಲ. ಗಾಡಿ ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲಾ ಆ ನಾಲ್ಕು ಅಂಗೈಗಳ ಮೇಲೆ. ತಳ ಹಿಡಿದ ಪಾತ್ರೆ ಉಜ್ಜಿದವರಿಗೆಲ್ಲ ಗೊತ್ತಿರುವ ಹಾಗೆ, ನಾರನ್ನು ಮೇಲೆ ಮೇಲೆ ಆಡಿಸಿದರೆ ಅದು ಜಾರುತ್ತದೆ, ಒತ್ತಿ ಹಿಡಿದರೆ ಕಚ್ಚುತ್ತದೆ. ಟೈರೂ ಹಾಗೆಯೇ. ಅದನ್ನು ನೆಲಕ್ಕೆ ಎಷ್ಟು ಒತ್ತುತ್ತೇವೋ ಅಷ್ಟು ಅದು ರಸ್ತೆಯನ್ನು ಕಚ್ಚುತ್ತದೆ.

ಹಾಗಾದರೆ ಡಿಕ್ಕಿಯಲ್ಲಿ ಐದು ಮೂಟೆ ಸೋನಾ ಮಸೂರಿ ಹಾಕಿಕೊಂಡರೆ ಹಿಡಿತ ಹೆಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಇಪ್ಪತ್ತು ಕಿಲೋದ ಐದು ಮೂಟೆ ಅಂದರೆ ನೂರು ಕಿಲೋ. ಟೈರಿನ ಮೇಲಿನ ಒತ್ತು ಹೆಚ್ಚುವುದು ನಿಜ. ಆದರೆ ತಿರುವಿನಲ್ಲಿ ಆ ನೂರು ಕಿಲೋವನ್ನೂ ಟೈರುಗಳೇ ತಿರುಗಿಸಬೇಕಲ್ಲ, ನಿಲ್ಲಿಸುವಾಗ ನಿಲ್ಲಿಸಬೇಕಲ್ಲ? ವರಮಾನ ಹೆಚ್ಚಿತು, ಖರ್ಚೂ ಅಷ್ಟೇ ಹೆಚ್ಚಿತು. ಜೊತೆಗೆ ಟೈರಿನ ಸ್ವಭಾವವೇ ಹೀಗೆ: ಹೊರೆ ಎರಡರಷ್ಟಾದರೆ ಹಿಡಿತ ಪೂರ್ತಿ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ. ಅಂದಮೇಲೆ ಅಕ್ಕಿ ಮೂಟೆ ನಷ್ಟದ ಬಾಬತ್ತು.

ಈಗ ಬೇರೊಂದು ಉಪಾಯ ಊಹಿಸಿಕೊಳ್ಳಿ. ಕಾರಿನ ತೂಕ ಒಂದು ಗ್ರಾಮೂ ಹೆಚ್ಚಬಾರದು, ಆದರೆ ಯಾವುದೋ ಕಾಣದ ಕೈ ಮೇಲಿನಿಂದ ಅದನ್ನು ಒತ್ತಿ ಹಿಡಿಯಬೇಕು. ಹಾಗಾದರೆ ಹಿಡಿತ ಪೂರ್ತಿ ಲಾಭ! ತಿರುಗಿಸಬೇಕಾದ ಭಾರ ಹಿಂದಿನಷ್ಟೇ, ಕಚ್ಚುವ ಶಕ್ತಿ ಮಾತ್ರ ಹೆಚ್ಚು. ಆ ಕಾಣದ ಕೈಯೇ ಗಾಳಿ.

ಊರಿನಲ್ಲಿ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಕಂಡಕ್ಟರರಿಂದ ಬೈಸಿಕೊಂಡವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. (ಮಕ್ಕಳೇ, ನೀವು ಮಾತ್ರ ಹಾಗೆ ಮಾಡಬೇಡಿ.) ಅಂಗೈಯ ಮುಂದಿನ ಅಂಚನ್ನು ಸ್ವಲ್ಪ ಮೇಲೆತ್ತಿದರೆ ಗಾಳಿ ಕೈಯನ್ನು ಮೇಲಕ್ಕೆ ತಳ್ಳುತ್ತಿತ್ತು. ಅಂಚನ್ನು ಕೆಳಗೆ ಬಾಗಿಸಿದರೆ ಕೈಯನ್ನು ಕೆಳಕ್ಕೆ ಅದುಮುತ್ತಿತ್ತು. ಮೊದಲನೆಯದು ವಿಮಾನದ ರೆಕ್ಕೆ, ಎರಡನೆಯದು ರೇಸ್ ಕಾರಿನ ರೆಕ್ಕೆ. ರೇಸ್ ಕಾರಿನ ರೆಕ್ಕೆ ಅಂದರೆ ತಲೆಕೆಳಗಾಗಿಸಿದ ವಿಮಾನದ ರೆಕ್ಕೆ, ಅಷ್ಟೇ. ಅದು ಗಾಳಿಯನ್ನು ಮೇಲಕ್ಕೆ ಎಸೆಯುತ್ತದೆ, ಗಾಳಿ ಅದಕ್ಕೆ ಪ್ರತಿಯಾಗಿ ಕಾರನ್ನು ಕೆಳಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ಇಲ್ಲಿ ಒಂದು ಲೆಕ್ಕ ಮುಖ್ಯ. ಗಾಳಿಯ ಬಲ ವೇಗದ ವರ್ಗದ ಪ್ರಕಾರ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. 2025ರ ಫಾರ್ಮುಲಾ ಒನ್ ನಿಯಮದಲ್ಲಿ ಚಾಲಕನೂ ಸೇರಿ ಕಾರಿನ ಕನಿಷ್ಠ ತೂಕ 800 ಕಿಲೋ ಇತ್ತು. ಅಂಥ ಕಾರು ಗಂಟೆಗೆ 200 ಕಿಲೋಮೀಟರ್ ಮುಟ್ಟುವಷ್ಟರಲ್ಲೇ ಗಾಳಿ ಅದನ್ನು ಹೆಚ್ಚುಕಡಿಮೆ ಅದರ ತೂಕದಷ್ಟೇ ಬಲದಿಂದ ನೆಲಕ್ಕೆ ಒತ್ತುತ್ತದೆ. ಹಾಗೆ ನೋಡಿದರೆ ಆ ವೇಗಕ್ಕಿಂತ ಮೇಲೆ ಅದು ಸುರಂಗದ ಚಾವಣಿಗೆ ತಲೆಕೆಳಗಾಗಿ ಅಂಟಿಕೊಂಡು ಓಡಬಹುದು ಎಂದು ಲೆಕ್ಕ ಹೇಳುತ್ತದೆ. ಆದರೆ ಅದೇ ಕಾರು 100 ಕಿಲೋಮೀಟರ್ ವೇಗಕ್ಕೆ ಇಳಿದರೆ ಗಾಳಿಯ ಕೊಡುಗೆ ಕಾಲು ಭಾಗ, ಅಂದರೆ 200 ಕಿಲೋದಷ್ಟು ಮಾತ್ರ. ನಿಂತರೆ ಸೊನ್ನೆ.

ಬಂಧುಗಳೇ, ಇದನ್ನು ಸಂಸಾರದ ಲೆಕ್ಕದಲ್ಲಿ ಹೇಳುತ್ತೇವೆ, ನೆನಪಿನಲ್ಲಿ ಉಳಿಯುತ್ತದೆ. ಒಂದು ತಿರುವನ್ನು ದಾಟಲು ಕಾರಿಗೆ ಬೇಕಾಗುವ ಹಿಡಿತ ಖರ್ಚು. ಟೈರು ಕೊಡಬಲ್ಲ ಹಿಡಿತ ವರಮಾನ. ಖರ್ಚು ಕೂಡ ವೇಗದ ವರ್ಗದ ಪ್ರಕಾರವೇ ಏರುತ್ತದೆ: ಎರಡರಷ್ಟು ವೇಗಕ್ಕೆ ನಾಲ್ಕರಷ್ಟು ಖರ್ಚು. ರೇಸ್ ಕಾರಿನಲ್ಲಿ ಗಾಳಿಯ ಕೃಪೆಯಿಂದ ವರಮಾನವೂ ಅದೇ ಥರ ಏರುತ್ತಾ ಹೋಗುತ್ತದೆ. ಆದ್ದರಿಂದ ಸಿಲ್ವರ್‌ಸ್ಟೋನಿನ ಕಾಪ್ಸ್ ತಿರುವನ್ನು ಅವರು ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ದಾಟುತ್ತಾರೆ. ನಮ್ಮ ನಿಮ್ಮ ಕಾರಿನದು ಸಂಬಳದ ಬದುಕು. ವರಮಾನ ಎಷ್ಟಿದೆಯೋ ಅಷ್ಟೇ, ವೇಗಕ್ಕೆ ತಕ್ಕಂತೆ ಏರುವುದಿಲ್ಲ. ಖರ್ಚು ಮಾತ್ರ ನಾಲ್ಕು ಪಟ್ಟು!

ಅಂಕಿಯಲ್ಲೇ ನೋಡಿ. ಹಳ್ಳಿಯ ರಸ್ತೆಯಲ್ಲಿ 100 ಮೀಟರ್ ತ್ರಿಜ್ಯದ ಒಂದು ಸಮತಟ್ಟಾದ ತಿರುವು ಇದೆ ಅನ್ನೋಣ. ಅದನ್ನು 30 ಮೈಲಿ ವೇಗದಲ್ಲಿ ದಾಟಲು ಬೇಕಾಗುವ ಪಕ್ಕದ ಬಲ ಕಾರಿನ ತೂಕದ ಶೇಕಡಾ 18ರಷ್ಟು. 60 ಮೈಲಿಗೆ ಶೇಕಡಾ 73ರಷ್ಟು. ಒಳ್ಳೆಯ ಟೈರು ಒಣ ರಸ್ತೆಯಲ್ಲಿ ಸುಮಾರು ಶೇಕಡಾ 80ರಿಂದ 90ರವರೆಗೆ ಕೊಟ್ಟೀತು. ಒದ್ದೆ ರಸ್ತೆಯಲ್ಲಿ ಅದು ಶೇಕಡಾ 50ರ ಆಸುಪಾಸಿಗೆ ಇಳಿಯಬಹುದು. ಈ ದೇಶದಲ್ಲಿ ಅಂಥ ಎಷ್ಟೋ ರಸ್ತೆಗಳ ವೇಗಮಿತಿ 60 ಮೈಲಿ. ಕಾನೂನು ಬಿಡುತ್ತದೆ, ಪೊಲೀಸರು ಹಿಡಿಯುವುದಿಲ್ಲ. ಆದರೆ ಮಳೆ ಬಂದ ದಿನ ಆ ತಿರುವಿನಲ್ಲಿ 73 ರೂಪಾಯಿ ಖರ್ಚಿಗೆ ಜೇಬಿನಲ್ಲಿರುವುದು 50 ರೂಪಾಯಿ.

ಇನ್ನು ಈ ಗಾಳಿಯ ಕೈಯನ್ನು ಮನುಷ್ಯ ಹಿಡಿದ ಕಥೆ ಸ್ವಲ್ಪ ಹೇಳಬೇಕು. ಜರ್ಮನಿಯಲ್ಲಿ 1928ರಲ್ಲೇ ಫ್ರಿಟ್ಸ್ ಫಾನ್ ಓಪೆಲ್ ತಮ್ಮ ರಾಕೆಟ್ ಕಾರಿನ ಎರಡೂ ಪಕ್ಕಕ್ಕೆ ರೆಕ್ಕೆ ಕಟ್ಟಿದ್ದರು, ಕಾರು ಹಾರಿಹೋಗದಿರಲಿ ಎಂದು. 1956ರಲ್ಲಿ ಮೈಕಲ್ ಮೇ ಎಂಬ ಸ್ವಿಸ್ ಇಂಜಿನಿಯರ್ ತಮ್ಮ ಪೋರ್ಷೆ ಕಾರಿನ ನೆತ್ತಿಯ ಮೇಲೆ ದೊಡ್ಡ ರೆಕ್ಕೆ ನಿಲ್ಲಿಸಿಕೊಂಡು ನ್ಯೂರ್‌ಬರ್ಗ್‌ರಿಂಗಿಗೆ ಬಂದರು. ಅಧಿಕಾರಿಗಳು ಅದನ್ನು ಬಿಚ್ಚಿಸಿಬಿಟ್ಟರು. ಹತ್ತು ವರ್ಷ ಆ ಯೋಚನೆ ಮೂಲೆ ಸೇರಿತು. ಮತ್ತೆ ಅದನ್ನು ಎಬ್ಬಿಸಿದವರು ಅಮೆರಿಕದ ಟೆಕ್ಸಾಸಿನ ಜಿಮ್ ಹಾಲ್. 1966ರ ಅವರ ಶಾಪರಾಲ್ 2ಇ ಕಾರಿನ ಹಿಂಬದಿಯಲ್ಲಿ ಎರಡು ಉದ್ದ ಕಂಬದ ಮೇಲೆ ರೆಕ್ಕೆ ನಿಂತಿತ್ತು. ಕಂಬಗಳ ಬುಡ ಇದ್ದದ್ದು ನೇರವಾಗಿ ಹಿಂದಿನ ಚಕ್ರಗಳ ಜೋಡಣೆಯ ಮೇಲೆ. ಗಾಳಿ ಒತ್ತಿದ್ದೆಲ್ಲ ನೇರ ಟೈರಿಗೆ! ಗೇರಿಗೆ ಕ್ಲಚ್ ಇಲ್ಲದ ಆ ಕಾರಿನಲ್ಲಿ ಚಾಲಕನ ಎಡಗಾಲು ಖಾಲಿ ಇರುತ್ತಿತ್ತು. ಅದಕ್ಕೊಂದು ಪೆಡಲ್ ಕೊಟ್ಟರು. ನೇರ ದಾರಿಯಲ್ಲಿ ಪೆಡಲ್ ಒತ್ತಿದರೆ ರೆಕ್ಕೆ ಮಟ್ಟಸವಾಗಿ ಮಲಗಿ ಗಾಳಿಗೆ ಅಡ್ಡಿಯಾಗುತ್ತಿರಲಿಲ್ಲ. ತಿರುವು ಬಂದಾಗ ಕಾಲು ತೆಗೆದರೆ ಎದ್ದು ಕಾರನ್ನು ಒತ್ತುತ್ತಿತ್ತು. ಮರುವರ್ಷ 1967ರಲ್ಲಿ ಅದರ ತಮ್ಮ 2ಎಫ್, ಫಿಲ್ ಹಿಲ್ ಮತ್ತು ಮೈಕ್ ಸ್ಪೆನ್ಸ್ ಅವರ ಕೈಯಲ್ಲಿ ಇಲ್ಲೇ ಕೆಂಟ್‌ನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಗೆದ್ದಿತು.

1968ರಲ್ಲಿ ಬೆಲ್ಜಿಯಮ್ಮಿನ ರೇಸಿಗೆ ಫೆರಾರಿ, ಬ್ರಾಭಮ್ ತಂಡಗಳು ರೆಕ್ಕೆ ಕಟ್ಟಿಕೊಂಡು ಬಂದವು. ಆಮೇಲೆ ಕೇಳಬೇಕೇ, ಒಬ್ಬರಿಗಿಂತ ಒಬ್ಬರದು ಎತ್ತರ, ಒಬ್ಬರಿಗಿಂತ ಒಬ್ಬರದು ಅಗಲ. ಕಂಬ ಮಾತ್ರ ಸಪೂರ. 1969ರ ಮೇ 4ರಂದು ಬಾರ್ಸಿಲೋನಾದ ಮೊಂಜುಯಿಕ್ ಉದ್ಯಾನದ ರಸ್ತೆಗಳಲ್ಲಿ ಸ್ಪೇನಿನ ರೇಸು ನಡೆಯುತ್ತಿತ್ತು. ದಿಬ್ಬ ದಾಟುವ ಒಂದು ಜಾಗದಲ್ಲಿ ಗ್ರಹಾಂ ಹಿಲ್ ಅವರ ಲೋಟಸ್ ಕಾರಿನ ರೆಕ್ಕೆ ಮುರಿದು ಕಾರು ತಡೆಗೋಡೆಗೆ ಬಡಿಯಿತು. ಹಿಲ್ ಕ್ಷೇಮವಾಗಿ ಇಳಿದರು. ಸ್ವಲ್ಪ ಹೊತ್ತಿನಲ್ಲೇ ಅವರದೇ ತಂಡದ ಯೋಕೆನ್ ರಿಂಟ್ ಅವರ ಕಾರೂ ಅದೇ ಜಾಗದಲ್ಲಿ, ಅದೇ ಕಾರಣಕ್ಕೆ ಹಾರಿ, ಬಿದ್ದಿದ್ದ ಹಿಲ್ ಅವರ ಕಾರಿಗೇ ಬಡಿಯಿತು. ಮುಖಕ್ಕೆ ಪೆಟ್ಟು ಬಿದ್ದರೂ ರಿಂಟ್ ಬದುಕಿಕೊಂಡರು. ಆಮೇಲೆ ರೆಕ್ಕೆಗಳ ವಿರುದ್ಧ ಬಹಿರಂಗ ಪತ್ರ ಬರೆದರು. ಅದೇ ತಿಂಗಳು ಮೊನಾಕೊ ರೇಸಿನಲ್ಲಿ ಎತ್ತರದ ರೆಕ್ಕೆಗಳಿಗೆ ನಿಷೇಧ ಬಿತ್ತು. ಮುಂದೆ ಬಂದ ರೆಕ್ಕೆಗಳು ಗಿಡ್ಡ, ಕಾರಿನ ಮೈಗೇ ಬಿಗಿದವು.

ಗಾಳಿಯ ಕೈ ಮೇಲಿನಿಂದ ಒತ್ತುವುದು ಒಂದು ಬಗೆ. ಕೆಳಗಿನಿಂದ ಎಳೆಯುವುದು ಇನ್ನೊಂದು ಬಗೆ. ಮಕ್ಕಳೇ, ಮನೆಗೆ ಹೋಗಿ ಒಂದು ಆಟ ಆಡಿ ನೋಡಿ. ಎರಡು ಕಾಗದದ ಹಾಳೆಗಳನ್ನು ಎದುರು ಬದುರಾಗಿ, ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ತೂಗಿ ಹಿಡಿಯಿರಿ. ಆ ಜಾಗದಲ್ಲಿ ಜೋರಾಗಿ ಊದಿ. ಹಾಳೆಗಳು ದೂರ ಹೋಗುತ್ತವೆ ಅಂದುಕೊಳ್ಳುತ್ತೀರಿ, ಅವು ಹತ್ತಿರ ಬರುತ್ತವೆ! ಇಕ್ಕಟ್ಟಿನಲ್ಲಿ ಬಿರುಸಾಗಿ ನುಗ್ಗುವ ಗಾಳಿಯ ಒತ್ತಡ ಕಡಿಮೆ, ಹೊರಗಿನ ಗಾಳಿಯ ಒತ್ತಡ ಹೆಚ್ಚು. ಈಗ ಒಂದು ಹಾಳೆ ಕಾರಿನ ತಳ, ಇನ್ನೊಂದು ಹಾಳೆ ರಸ್ತೆ ಎಂದುಕೊಳ್ಳಿ. ರಸ್ತೆ ಅಲುಗುವುದಿಲ್ಲ, ಆದ್ದರಿಂದ ಕಾರು ಕೆಳಕ್ಕೆ ಎಳೆಸಿಕೊಳ್ಳುತ್ತದೆ. ಇದಕ್ಕೆ ಗ್ರೌಂಡ್ ಎಫೆಕ್ಟ್ ಎಂದು ಹೆಸರು. ನಾರ್‌ಫೋಕಿನ ಲೋಟಸ್ ತಂಡ ಇದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿಸುರಂಗದಲ್ಲಿ ಪುಟ್ಟ ಮಾದರಿ ಕಾರಿನ ಮೇಲೆ ಪರೀಕ್ಷಿಸಿತು. ಇಂಜಿನಿಯರ್ ಪೀಟರ್ ರೈಟ್ ಗಮನಿಸಿದ್ದು ಇಷ್ಟು: ಮಾದರಿಯ ಪಕ್ಕದ ಭಾಗಗಳು ಜೋತು ಬಿದ್ದು ನೆಲಕ್ಕೆ ಹತ್ತಿರವಾದಷ್ಟೂ ಕೆಳಮುಖ ಒತ್ತು ಏರುತ್ತಿತ್ತು. ಅಲ್ಲಿಂದ ಹುಟ್ಟಿದ್ದು 1977ರ ಲೋಟಸ್ 78, ಅದರ ಮುಂದಿನ 79. ಆ ಕಾರುಗಳಲ್ಲಿ ಮಾರಿಯೋ ಆಂಡ್ರೆಟ್ಟಿ 1978ರ ವಿಶ್ವ ಚಾಂಪಿಯನ್ ಆದರು.

ಆ ಕಾರುಗಳ ಪಕ್ಕದಲ್ಲಿ ನೆಲ ಸವರುವ ಲಂಗದಂಥ ಪಟ್ಟಿಗಳಿದ್ದವು, ಹೊರಗಿನ ಗಾಳಿ ಒಳಗೆ ನುಸುಳದಿರಲಿ ಎಂದು. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡು ಮೇಲೆ ಉಳಿಯಿತೋ, ತಳದ ಎಳೆತ ಕ್ಷಣದಲ್ಲಿ ಮಾಯ. ಕಾರಿನ ವೇಗ ಹಾಗೇ ಇದೆ, ತಿರುವೂ ಹಾಗೇ ಇದೆ, ಹಿಡಿತ ಮಾತ್ರ ಇಲ್ಲ. 1981ಕ್ಕೆ ಜಾರುವ ಪಟ್ಟಿಗಳನ್ನು, 1983ಕ್ಕೆ ಆ ಬಗೆಯ ತಳವನ್ನೇ ನಿಯಮ ತಡೆಯಿತು. ನಲವತ್ತು ವರ್ಷದ ಮೇಲೆ, 2022ರ ನಿಯಮದಲ್ಲಿ ತಳದ ಸುರಂಗಗಳು ಮತ್ತೆ ಬಂದಾಗ ಹೊಸ ತೊಂದರೆ ಕಾಣಿಸಿಕೊಂಡಿತು. ಕಾರು ತೀರಾ ನೆಲಕ್ಕೆ ಹತ್ತಿರವಾದಾಗ ಗಾಳಿಯ ದಾರಿ ಕಟ್ಟುತ್ತಿತ್ತು, ಎಳೆತ ತಪ್ಪಿ ಕಾರು ಮೇಲೇಳುತ್ತಿತ್ತು, ಎದ್ದ ಕೂಡಲೇ ಗಾಳಿ ಹರಿದು ಮತ್ತೆ ಎಳೆಯುತ್ತಿತ್ತು. ನೇರ ದಾರಿಯಲ್ಲಿ ಕುಣಿಯುತ್ತಾ ಹೋದ ಆ ಕಾರುಗಳನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ.

ವೇಗದ ಹಂಗಿಲ್ಲದೆ ಈ ಎಳೆತ ಪಡೆಯಲು ಒಂದು ದಾರಿ ಉಂಟು: ಫ್ಯಾನು. ಕಾರಿನಡಿಯ ಗಾಳಿಯನ್ನು ಫ್ಯಾನಿನಿಂದ ಹೀರಿ ಹೊರಗೆ ಹಾಕುವುದು, ಮನೆಯ ವ್ಯಾಕ್ಯೂಮ್ ಕ್ಲೀನರ್ ಕಾರ್ಪೆಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಜಿಮ್ ಹಾಲ್ 1970ರಲ್ಲಿ ಅಂಥ ಕಾರು ಮಾಡಿದರು. ಗಾರ್ಡನ್ ಮರ್ರೆ ವಿನ್ಯಾಸದ ಬ್ರಾಭಮ್ ಫ್ಯಾನ್ ಕಾರಿನಲ್ಲಿ ನಿಕಿ ಲೌಡಾ 1978ರ ಸ್ವೀಡನ್ ರೇಸು ಗೆದ್ದರು. ಆ ಕಾರು ಮತ್ತೆ ರೇಸಿಗೆ ಇಳಿಯಲಿಲ್ಲ. ಇತ್ತೀಚಿನದು ಗ್ಲೌಸ್ಟರ್‌ಶೈರಿನ ಮೆಕ್‌ಮರ್ಟ್ರಿ ಕಂಪನಿಯ ಸ್ಪೇರ್ಲಿಂಗ್ ಎಂಬ ಪುಟ್ಟ ವಿದ್ಯುತ್ ಕಾರು. ನಿಂತಲ್ಲೇ 2000 ಕಿಲೋದಷ್ಟು ಒತ್ತು ಸಿಗುತ್ತದೆ ಎಂದು ಕಂಪನಿ ಹೇಳುತ್ತದೆ. 2022ರಲ್ಲಿ ಅದು ಗುಡ್‌ವುಡ್ ಬೆಟ್ಟದ ದಾರಿಯನ್ನು 39.08 ಸೆಕೆಂಡಿನಲ್ಲಿ ಹತ್ತಿ ದಾಖಲೆ ಮಾಡಿತು. 2025ರಲ್ಲಿ ತಲೆಕೆಳಗಾಗಿ ನಿಂತು ಓಡಿಯೂ ತೋರಿಸಿತು. ಚಾವಣಿಯ ಮೇಲೆ ಕಾರು ಓಡುತ್ತದೆಯೇ ಎಂದು ಕೇಳುವ ಮಕ್ಕಳಿಗೆ ಉತ್ತರ ಸಿಕ್ಕಂತಾಯಿತು.

ಇಷ್ಟೆಲ್ಲ ಕಥೆ ಹೇಳಿದ್ದು ಒಂದು ಮಾತಿಗಾಗಿ. ರೆಕ್ಕೆಯಿಂದ ಬರುವ ಹಿಡಿತ ನಮ್ಮ ಸ್ವಂತದ್ದಲ್ಲ, ವೇಗ ಕೊಟ್ಟ ಸಾಲ. ವೇಗ ತಗ್ಗಿದರೆ, ರೆಕ್ಕೆ ಮುರಿದರೆ, ತಳಕ್ಕೆ ಗಾಳಿ ನುಗ್ಗಿದರೆ ಸಾಲ ಕೊಟ್ಟವನು ಮುನ್ಸೂಚನೆ ಇಲ್ಲದೆ ಪೂರ್ತಿ ವಾಪಸ್ ಕೇಳುತ್ತಾನೆ. 1994ರ ಏಪ್ರಿಲ್ 30ರಂದು ಇಟಲಿಯ ಇಮೋಲಾದಲ್ಲಿ ಆಸ್ಟ್ರಿಯಾದ ರೋಲಂಡ್ ರಾಟ್ಸೆನ್‌ಬರ್ಗರ್ ಹಿಂದಿನ ಸುತ್ತಿನಲ್ಲಿ ದಾರಿ ತಪ್ಪಿ ಹೊರಗೆ ಹೋಗಿ ಬಂದಾಗ ಮುಂದಿನ ರೆಕ್ಕೆಗೆ ಪೆಟ್ಟಾಗಿತ್ತು. ಮುಂದಿನ ಸುತ್ತಿನಲ್ಲಿ, ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ, ಅದು ಕಳಚಿತು. ಮುಂದಿನ ಚಕ್ರಗಳು ಮಾತು ಕೇಳಲಿಲ್ಲ. ಆ ಮನುಷ್ಯ ಅಂದು ತೀರಿಕೊಂಡರು. ಮಾರನೆಯ ದಿನ ಅದೇ ಟ್ರ್ಯಾಕಿನಲ್ಲಿ ಐರ್ಟನ್ ಸೆನ್ನಾ ಹೋದರು. ಜಗತ್ತು ಸೆನ್ನಾ ಅವರನ್ನು ನೆನೆಯುತ್ತದೆ. ನಾವು ಇಬ್ಬರನ್ನೂ ನೆನೆಯೋಣ.

1999ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ಗಾಳಿ ಪಕ್ಷವನ್ನೇ ಬದಲಿಸಿತು. ಮರ್ಸಿಡಿಸ್ ಸಿಎಲ್‌ಆರ್ ಕಾರುಗಳ ಮೂತಿ ಸ್ವಲ್ಪ ಮೇಲೆದ್ದು ಚಪ್ಪಟೆ ತಳದಡಿ ಗಾಳಿ ನುಗ್ಗಿದಾಗ, ಒತ್ತಬೇಕಾದ ಗಾಳಿಯೇ ಎತ್ತಿತು. ಮಾರ್ಕ್ ವೆಬರ್ ಎರಡು ಸಲ ಪಲ್ಟಿಯಾದರು. ರೇಸಿನ ನಡುವೆ ಪೀಟರ್ ಡಂಬ್ರೆಕ್ ಅವರ ಕಾರು ಗಾಳಿಪಟದ ಹಾಗೆ ಎದ್ದು, ಮಗುಚಿ, ಟ್ರ್ಯಾಕಿನಾಚೆಯ ಮರಗಳ ಮಧ್ಯೆ ಬಿತ್ತು. ಇಬ್ಬರಿಗೂ ದೊಡ್ಡ ಗಾಯವಾಗಲಿಲ್ಲ ಎಂಬುದೇ ಸಮಾಧಾನ.

ಈಗ ಮನೆಯ ಮುಂದೆ ನಿಂತಿರುವ ನಮ್ಮ ಕಾರಿಗೆ ಬರೋಣ. ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಪಕ್ಕದಿಂದ ನೋಡಿದರೆ ವಿಮಾನದ ರೆಕ್ಕೆಯ ದೂರದ ನೆಂಟ! ಉಬ್ಬಿದ ಬೆನ್ನಿನ ಮೇಲೆ ಗಾಳಿ ಬಿರುಸಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಕಾರು ಸ್ವಲ್ಪ ಮೇಲಕ್ಕೆ ಎಳೆಸಿಕೊಳ್ಳುತ್ತದೆ. ಆಕಾರಕ್ಕೆ ತಕ್ಕಂತೆ ಇದು ಬೇರೆ ಬೇರೆ. ಸಾಧಾರಣ ಕಾರಿಗೆ ಲೆಕ್ಕ ಹಾಕಿದರೆ ಮೋಟರ್‌ವೇಯ 70 ಮೈಲಿ ವೇಗದಲ್ಲಿ ಇಪ್ಪತ್ತು ಮೂವತ್ತು ಕಿಲೋದಷ್ಟು ಹಗುರವಾಗುತ್ತದೆ. 1400 ಕಿಲೋದಲ್ಲಿ ಇದು ದೊಡ್ಡದಲ್ಲ, ಹೆದರಬೇಕಿಲ್ಲ. ಆದರೆ ದಿಕ್ಕು ಗಮನಿಸಿ. ರೇಸ್ ಕಾರು ವೇಗ ಹೆಚ್ಚಿದಂತೆ ಭಾರ, ನಮ್ಮ ಕಾರು ವೇಗ ಹೆಚ್ಚಿದಂತೆ ಹಗುರ.

ವೇಗ ಇನ್ನೂ ಏರಿದರೆ ಆ ಸಣ್ಣ ಲೆಕ್ಕವೂ ದೊಡ್ಡದಾಗುತ್ತದೆ. 1998ರಲ್ಲಿ ಬಂದ ಆಡಿ ಟಿಟಿ ಎಂಬ ಚೆಂದದ ಗುಂಡು ಕಾರು ನೆನಪಿದೆಯೇ? ಜರ್ಮನಿಯ ಆಟೋಬಾನಿನಲ್ಲಿ ಬಹಳ ವೇಗದಲ್ಲಿ ಹೋಗುವಾಗ ದಿಕ್ಕು ಬದಲಿಸಿದರೆ ಅದರ ಹಿಂಭಾಗ ಹಿಡಿತ ಬಿಡುತ್ತಿತ್ತು, ಸಾವುಗಳೂ ಆದವು. ಕಂಪನಿ ಆ ಕಾರುಗಳನ್ನು ಹಿಂದಕ್ಕೆ ಕರೆಸಿ ಹಿಂಬದಿಗೆ ಪುಟ್ಟ ಸ್ಪಾಯ್ಲರ್ ಹಾಕಿತು, ಸಸ್ಪೆನ್ಷನ್ ತಿದ್ದಿತು, ಜಾರಿಕೆ ತಡೆಯುವ ಇಎಸ್‌ಪಿ ವ್ಯವಸ್ಥೆ ಸೇರಿಸಿತು. ಸ್ಪಾಯ್ಲರ್ ಎಂಬ ಹೆಸರೇ ಹೇಳುವಂತೆ ಅದು ಕೆಡಿಸುವ ಪಟ್ಟಿ. ಬೆನ್ನಿನ ಮೇಲಿನ ಗಾಳಿಯ ನಯವಾದ ಹರಿವನ್ನು ಕೆಡಿಸಿ, ಎತ್ತುವ ಬಲವನ್ನು ತಗ್ಗಿಸುತ್ತದೆ.

ಇಲ್ಲಿಯೇ ನಮ್ಮ ಹುಡುಗರಿಗೆ ಒಂದು ಮಾತು. ಹಳೆಯ ಪುಟ್ಟ ಕಾರಿಗೆ ಅಂಗಡಿಯಿಂದ ರೆಕ್ಕೆ ತಂದು ಅಂಟಿಸಿದರೆ 30, 40 ಮೈಲಿ ವೇಗದಲ್ಲಿ ಅದು ಕೊಡುವ ಒತ್ತು ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಪುಟ್ಟ ಕಾರುಗಳನ್ನು ಎಳೆಯುವುದೂ ತಿರುಗಿಸುವುದೂ ಮುಂದಿನ ಚಕ್ರ. ತೀರಾ ಹಿಂದೆ ಕೂರಿಸಿದ ರೆಕ್ಕೆ ನಿಜವಾಗಿ ಒತ್ತಿದರೂ, ಏತದ ಒಂದು ತುದಿ ಅದುಮಿದರೆ ಇನ್ನೊಂದು ತುದಿ ಏಳುವಂತೆ, ಮುಂದಿನ ಚಕ್ರದ ಭಾರ ಅಷ್ಟಿಷ್ಟು ಕಡಿಮೆಯೇ ಆಗುತ್ತದೆ. ಅದನ್ನು ವಿಮೆ ಕಂಪನಿಗೆ ತಿಳಿಸಬೇಕು, ತಿಳಿಸದಿದ್ದರೆ ಅಪಘಾತದ ದಿನ ತಕರಾರು. ಅಂದಕ್ಕೆ ಬೇಕಾದರೆ ಹಾಕಿಕೊಳ್ಳಿ, ನಾವು ಬೇಡ ಅನ್ನುವುದಿಲ್ಲ. ಅದು ನಿಮ್ಮನ್ನು ಹಿಡಿದುಕೊಳ್ಳುತ್ತದೆ ಎಂದು ಮಾತ್ರ ನಂಬಬೇಡಿ.

ನಮ್ಮನ್ನು ಎತ್ತುವುದು ಗಾಳಿ ಒಂದೇ ಅಲ್ಲ. ಈ ದೇಶದಲ್ಲಿ ಅದಕ್ಕಿಂತ ದೊಡ್ಡ ಶತ್ರು ನೀರು. ಮಳೆ ನಿಂತ ರಸ್ತೆಯಲ್ಲಿ ಟೈರು ತನ್ನ ತೋಡುಗಳಿಂದ ನೀರನ್ನು ಪಕ್ಕಕ್ಕೆ ಒತ್ತಿ ಹಾಕುತ್ತಾ ಹೋಗಬೇಕು. ವೇಗ ಮೀರಿದರೆ, ತೋಡು ಸವೆದಿದ್ದರೆ, ನೀರಿಗೆ ಜಾಗ ಸಾಲದೆ ಅದು ಟೈರಿನಡಿ ಬೆಣೆಯ ಹಾಗೆ ನುಗ್ಗಿ ಕಾರನ್ನು ಎತ್ತುತ್ತದೆ. ಆ ಬಲವೂ ವೇಗದ ವರ್ಗದಂತೆಯೇ ಏರುತ್ತದೆ. ಆಗ ನಾಲ್ಕು ಅಂಗೈಗಳು ನೆಲ ಬಿಟ್ಟಂತೆ. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಅದೇ ಸೂಚನೆ. ಗಾಬರಿಯಿಂದ ಬ್ರೇಕು ತುಳಿಯಬೇಡಿ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಕಾರು ತಾನಾಗಿ ನಿಧಾನಿಸಲು ಬಿಡಿ.

ಇಲ್ಲಿನ ಕಾನೂನಿನ ಪ್ರಕಾರ ಟೈರಿನ ನಡುವಿನ ಮುಕ್ಕಾಲು ಅಗಲದಲ್ಲಿ ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ನೋಡುವುದು ಸುಲಭ. 20 ಪೆನ್ಸಿನ ನಾಣ್ಯವನ್ನು ತೋಡಿನಲ್ಲಿ ನಿಲ್ಲಿಸಿ. ನಾಣ್ಯದ ಹೊರ ಅಂಚಿನ ಪಟ್ಟಿ ಕಣ್ಣಿಗೆ ಕಾಣುತ್ತಿದ್ದರೆ ಟೈರಂಗಡಿಗೆ ಹೋಗಿ ತೋರಿಸುವ ಸಮಯ ಬಂದಿದೆ ಎಂದರ್ಥ. ತಿಂಗಳಿಗೊಮ್ಮೆ ನಾಲ್ಕು ಟೈರಿಗೂ ಹೀಗೆ ಮಾಡಿದರೆ ಐದು ನಿಮಿಷದ ಕೆಲಸ. ಗಾಳಿಯ ಒತ್ತಡವನ್ನೂ ಅದೇ ಹೊತ್ತಿಗೆ ನೋಡಿಬಿಡಿ.

ಇನ್ನು ಅಂತರ. ಹೈವೇ ಕೋಡ್ ಪುಸ್ತಕದ ಪ್ರಕಾರ 30 ಮೈಲಿ ವೇಗದಲ್ಲಿ ನಿಲ್ಲಲು 23 ಮೀಟರ್ ಬೇಕು, 70 ಮೈಲಿಯಲ್ಲಿ 96 ಮೀಟರ್. ಒಣ ರಸ್ತೆಯಲ್ಲಿ ಮುಂದಿನ ಕಾರಿಗೂ ನಮಗೂ ನಡುವೆ ಕನಿಷ್ಠ ಎರಡು ಸೆಕೆಂಡು, ಒದ್ದೆಯಲ್ಲಿ ಕನಿಷ್ಠ ಅದರ ಎರಡರಷ್ಟು. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಹತ್ತರಷ್ಟೂ ಬೇಕಾದೀತು. ಈ ಅಂಕಿಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರುದಿನ ಮರೆಯುವವರೇ ಹೆಚ್ಚು. ಆದರೆ ಇವು ಸಂಬಳದ ಬದುಕಿನ ಉಳಿತಾಯ. ವರಮಾನ ಏರದವನಿಗೆ ಉಳಿತಾಯವೇ ದಿಕ್ಕು.

ರೇಸ್ ಟ್ರ್ಯಾಕಿನಲ್ಲಿ ಒಂದು ವಿಚಿತ್ರ ಇದೆ. ವೇಗದ ತಿರುವಿನಲ್ಲಿ ಹೆದರಿ ನಿಧಾನ ಮಾಡಿದವನಿಗೆ ಗಾಳಿಯ ಒತ್ತು ತಪ್ಪಿ ಹಿಡಿತ ಕಡಿಮೆಯಾಗಬಹುದು, ಧೈರ್ಯ ಮಾಡಿದವನಿಗೆ ಹೆಚ್ಚು ಸಿಗಬಹುದು. ಅದನ್ನು ಟಿವಿಯಲ್ಲಿ, ಕಂಪ್ಯೂಟರ್ ಆಟದಲ್ಲಿ ನೋಡಿ ಬೆಳೆದ ಮಕ್ಕಳು ಧೈರ್ಯವೇ ಹಿಡಿತ ಎಂದುಕೊಳ್ಳುವುದು ಸಹಜ. ಅದಕ್ಕೇ ಅವರಿಗೆ ಬರೀ "ನಿಧಾನಕ್ಕೆ ಹೋಗೋ" ಎಂದರೆ ಸಾಲದು. ಏಕೆ ಎಂದು ಹೇಳಬೇಕು. ಬುದ್ಧಿವಂತ ಮಕ್ಕಳು, ಲೆಕ್ಕ ತೋರಿಸಿದರೆ ಒಪ್ಪುತ್ತಾರೆ. ಟ್ರ್ಯಾಕಿನ ಕಾರನ್ನು ಗಾಳಿ ಹಿಡಿದುಕೊಳ್ಳುತ್ತದೆ, ಸುತ್ತ ಜಲ್ಲಿಯ ಹಾಸು, ಟೈರಿನ ಗೋಡೆ, ವೈದ್ಯರ ತಂಡ ಕಾದಿರುತ್ತದೆ. ನಮ್ಮ ತಿರುವಿನಾಚೆ ಇರುವುದು ಓಕ್ ಮರ, ಎದುರಿನಿಂದ ಬರುವ ಇನ್ನೊಬ್ಬರ ಸಂಸಾರ.

ಹೀಗಾಗಿ ಸಭೆಯಲ್ಲಿರುವ ಅಪ್ಪ ಅಮ್ಮಂದಿರಲ್ಲಿ ನಮ್ಮ ಕೋರಿಕೆ ಒಂದೇ. ಈ ವಾರಾಂತ್ಯ ಮಗನನ್ನೋ ಮಗಳನ್ನೋ ಕರೆದುಕೊಂಡು ಡ್ರೈವ್‌ವೇಗೆ ಇಳಿಯಿರಿ. ಆ 20 ಪೆನ್ಸಿನ ನಾಣ್ಯವನ್ನು ಅವರ ಕೈಗೇ ಕೊಡಿ. ನಾಲ್ಕು ಟೈರು ಅವರೇ ನೋಡಲಿ, ಈ ಕಾರಿಗೆ ಹಿಡಿತ ಎಲ್ಲಿಂದ ಬರುತ್ತದೆ ಎಂದು ಅವರೇ ನಿಮಗೆ ವಿವರಿಸಲಿ. ಮನೆಗೆ ಹೊರಟಾಗ ಮಳೆ ಇದ್ದರೆ ಎರಡರ ಬದಲು ನಾಲ್ಕು ಸೆಕೆಂಡು ಬಿಟ್ಟು ಹೋಗಿ. ಊಟ ಬಡಿಸಲು ತಯಾರಾಗಿದೆ ಎಂದು ಬಾಗಿಲಲ್ಲಿ ಕೈ ಮಾಡುತ್ತಿದ್ದಾರೆ.